ಕವೆ

ದಲನ್‌ಜದ್ಗದ್ ಆಸ್ಪತ್ರೆ. ಬೆಳಗಿನ ಏಳೂವರೆ.
ಹೊರಗೆ ಮೂವತ್ತೊಂದು ಡಿಗ್ರಿ, ಸೊನ್ನೆಯ ಕೆಳಗೆ.
ಕಲ್ಲಿದ್ದಲ ಲಾರಿಯ ಚೋಯ್ಜಾಂತ್ಸ್ ಬಂದು ನಿಂತ,
ಬಲಗೈಯನ್ನು ಎಡಗೈಯಲ್ಲಿ
ಯಾರದೋ ಕೂಸಿನಂತೆ ಎತ್ತಿಕೊಂಡು.

ಬಿದ್ದೆಯಾ? ಇಲ್ಲ.
ಹೊಡೆದಾಟವಾ? ಇಲ್ಲ.
ಕ್ಯಾಬಿನ್ನಿನಲ್ಲಿ ಮಲಗಿದ್ದೆ ಅಕ್ಕಾ, ಏಳುವಾಗ ಹೀಗಿತ್ತು.
ಜೊತೆಗೆ ಬಂದ ಮೇಸ್ತ್ರಿ ಮೂಗಿನಲ್ಲೇ ನಕ್ಕ:
ಯಾವ ಬಾಟಲಿಯ ಪಕ್ಕ ಮಲಗಿದ್ದೆಯೋ.
ಅಂಗಿ ಎತ್ತಿದೆ. ಬೆನ್ನಿನಲ್ಲಿ
ಒಂದು ತರಚಿಲ್ಲ, ಕಂದಿಲ್ಲ.

ಮೊದಲ ಚಿತ್ರ ಎದುರಿನಿಂದ.
ಪಕ್ಕೆಲುಬುಗಳ ಬೇಲಿ, ಬೇಲಿಯಾಚೆ
ಹೆಗಲ ಹಲಗೆ, ಮಂಜಿನಲ್ಲಿ ನಿಂತ ಬಿಳಿ ಆಡು.
ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.
ರಾತ್ರಿ ಪಾಳಿಯ ಹುಡುಗ ನಿದ್ದೆಗಣ್ಣಲ್ಲೇ ಬರೆದ: ಏನೂ ಇಲ್ಲ.

ನನ್ನಜ್ಜ ಕುರಿಯ ಹೆಗಲೆಲುಬನ್ನು ಕೆಂಡಕ್ಕಿಟ್ಟು
ಬಿರುಕು ಓದುತ್ತಿದ್ದ:
ತಪ್ಪಿಸಿಕೊಂಡ ಕುದುರೆ ಯಾವ ದಿಕ್ಕಿಗೆ, ಬರುವ ಹಿಮ ಎಷ್ಟು.
ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು.
ಆಗ ಎಲುಬನ್ನು ಬಯ್ಯುತ್ತಿರಲಿಲ್ಲ ಆತ,
ತಿರುಗಿಸಿ ನೋಡುತ್ತಿದ್ದ.

ತಿರುಗಿಸಿದೆ.
ಹಲಗೆಯ ಅಂಚಷ್ಟೇ ಕಾಣುವ ಓರೆಗೆ.
ನೋವಿಗೆ ಹಲ್ಲು ಕಚ್ಚಿದ. ಉಸಿರು ಹಿಡಿ ಅಂದೆ, ಹಿಡಿದ.
ಬಂತು ಕವೆ:
ಒಂದು ಕಾಂಡ, ಎರಡು ಕವಲು,
ಕಾಂಡದ ನಡುವೆ
ಇರಬಾರದಲ್ಲಿ ಒಂದು ಪುಟ್ಟ ಮೆಟ್ಟಿಲು.

ಆಮೇಲೆ ಸಿಟಿ ಯಂತ್ರ, ಮಿಲಿಮೀಟರಿಗೊಂದು ಹೋಳು.
ಮೂರು ತುಂಡು.
ಲಾರಿ ಹಾಯ್ದರೆ, ಕುದುರೆ ಎಸೆದರೆ ಮುರಿಯುವ ಎಲುಬು ಇದು.
ಮಲಗಿದವನಲ್ಲಿ?
ಹನ್ನೆರಡು ವರ್ಷದಲ್ಲಿ ನಾನು ಕಂಡದ್ದು
ಇದೂ ಸೇರಿ ಎರಡು.

ಡಾಕ್ಟರ್ ಉಯಂಗಾ ಪರದೆ ಬಿಟ್ಟು ಅವನ ಕಡೆ ಹೊರಳಿದರು.
ನಾಲಗೆ ಚಾಚು.
ನಾಲಗೆಯ ಪಕ್ಕದಲ್ಲಿ ಹಲ್ಲಿನ ಗುರುತು, ಎರಡು ದಿನದ್ದು.

ಯಾರೂ ಹೊಡೆದಿರಲಿಲ್ಲ.
ಅವನಿಲ್ಲದ ಹೊತ್ತು ನೋಡಿ ಅವನ ಮೈಯೇ
ಬೆನ್ನಿನ ಹುರಿಗಳನ್ನೆಲ್ಲ ಒಮ್ಮೆಗೇ ಸೆಳೆದಿತ್ತು,
ಗೂಟ ಕಿತ್ತು ಓಡುವ ಕುದುರೆಯ ಹಾಗೆ.
ಬೆಳಗಾಗುವಷ್ಟರಲ್ಲಿ ಬಂದು ಸುಮ್ಮನೆ ಮಲಗಿತ್ತು.
ಮೇಸ್ತ್ರಿ ಟೋಪಿ ತೆಗೆದ. ಯಾಕೆಂದು ಅವನಿಗೂ ತಿಳಿಯದು.

ಮೂರ್ಛೆ ಅಂದರೆ, ಲಾರಿ? ಅಂತ ಕೇಳಿದ ಚೋಯ್ಜಾಂತ್ಸ್.
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ನಮ್ಮ ಮಾತಿನಲ್ಲಿ ಹೆಗಲೆಲುಬಿಗೂ ಎಪ್ಪತ್ತಕ್ಕೂ ದನಿ ಒಂದೇ.
ಆ ಎಲುಬಿನ ಮಾಂಸ ಒಬ್ಬನೇ ತಿನ್ನಬಾರದು,
ಎಪ್ಪತ್ತು ಮಂದಿಗಾದರೂ ಹಂಚು, ಅನ್ನುತ್ತಾರೆ ಹಿರಿಯರು.
ಲಾರಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.
ಜೋಲಿಯ ಗಂಟು ಬಿಗಿಯುತ್ತ ಇಷ್ಟೇ ಅಂದೆ:
ಇನ್ನು ಒಬ್ಬನೇ ಮಲಗಬೇಡ.