ಪೆನ್ನು ನಿಂತ ಸಪ್ಪಳ

ಒಂಬತ್ತೂವರಿಗೆ ಬನಹಟ್ಟಿ ಸಾಲ್ಯಾಗ
ಒಂದು ಮುಚ್ಚಳಿಕೆ ಮ್ಯಾಲೆ ನನ್ನ ಸಹಿ ಮಾಡಿಸಿಕೊಂಡ್ರು.
ಹೆಸರು: ಹಸೀನಾ ಮೋಮಿನ. ಇಯತ್ತೆ: ಒಂಬತ್ತು.
ಬರಿಯಾಕಿ, ಬರಸಾಕಿಗಿಂತ ಒಂದು ಇಯತ್ತೆ ಕೆಳಗಿರಬೇಕಂತ.
ಶಾಣ್ಯಾಕಿ ಇರಬಾರದು ಅಂತ ಬರದಿರಲಿಲ್ಲ, ಅರ್ಥ ಅದ ಇತ್ತು.
"ಆಕಿ ಅಂದದ್ದಷ್ಟ ಬರಿ," ಅಂದ್ರು ಬಿಳ್ಳೂರ ಸರ್,
"ಹೆಚ್ಚಲ್ಲ, ಕಡಿಮಿ ಅಲ್ಲ. ಕೆಮ್ಮಬ್ಯಾಡ, ನಗಬ್ಯಾಡ,
ತಲಿ ಅಲ್ಲಾಡಿಸಬ್ಯಾಡ."
ತಲಿ ಅಲ್ಲಾಡಿಸಿದ್ರ ಆಕಿಗೆ ಹೆಂಗ ಕಾಣತೈತ್ರಿ ಸರ್,
ಕೇಳಬೇಕಂದ್ನಿ. ಕೇಳಲಿಲ್ಲ.

ಸುಗಲಕ್ಕ ಹಸರ ದಡಿ ಸೀರಿ ಉಟಕೊಂಡು ಬಂದಿದ್ಲು,
ಇಪ್ಪತ್ತಮೂರು ವರ್ಷದಾಕಿ, ಹತ್ತನೇತ್ತೆಗೆ ಖಾಸಗಿ ಕಟ್ಟಿದಾಕಿ.
ಅವರ ಮನ್ಯಾಗ ಎರಡು ಪವರ್‌ಲೂಮ್. ಕಂಡಿಕಿ ತುಂಬೂದು ಆಕಿ ಕೆಲಸ,
ಬಟ್ಟಿನ ತುದಿಗೆಲ್ಲಾ ನೂಲು ಕೊರದ ಗೀರು.
ನನ್ನ ಹೆಗಲು ಮುಟ್ಟಿ ನೋಡಿದ್ಲು. "ಸಣ್ಣಾಕಿ ಅದಿಯಲ್ಲವಾ.
ಅಕ್ಷರ ಛಲೋ ಅದಾವ?"
"ದುಂಡಗ ಅದಾವಕ್ಕ."
"ಶ ಮತ್ತ ಷ?"
ನಾ ಸುಮ್ಮನಾದ್ನಿ.
ನನ್ನ ತಪ್ಪು ಆಕಿ ಲೆಕ್ಕಕ್ಕ. ಅದೂ ನಿಯಮ.

ನಮಗ ಬ್ಯಾರೆ ಖೋಲಿ, ಆಟದ ಸಾಮಾನು ಇಡೂ ಖೋಲಿ.
ಗೋಣಿಚೀಲದಾಗ ವಾಲಿಬಾಲ್ ಜಾಳಗಿ, ಮೂಲ್ಯಾಗ ಒಂದು ಕಾಲಿಲ್ಲದ ಬೆಂಚು.
ಪ್ರಶ್ನಿ ಎರಡೆರಡ ಸಲ ಓದಿದ್ನಿ. ಆಕಿ ಕಣ್ಣು ಮುಚ್ಚಿ ಕೇಳಿದ್ಲು.
ಯಾಕ ಮುಚ್ಚತಾಳೋ.
ಆಮ್ಯಾಲೆ ಹೇಳಾಕ ಸುರು ಮಾಡಿದ್ಲು, ಒಂದ ದನಿಯಾಗ,
ಹೊರಗ ಓಣಿ ಮಗ್ಗದ ತಾಳಕ್ಕ:
"ಮಳಿ ಕಡಿಮಿ ಇರೂ ಕಡೆ ಜ್ವಾಳ ಬೆಳೀತಾರ."
"ಮಳಿ" ಬರೀಲೋ, "ಮಳೆ" ಬರೀಲೋ?
ಸರ್ ಕಡೆ ನೋಡಿದ್ನಿ. ಸರ್ ಕಿಟಕಿ ಕಡೆ ನೋಡಿದ್ರು.
ಅದಕ್ಕ ಯಾರೂ ನಿಯಮ ಮಾಡಿರಲಿಲ್ಲ.
"ಮಳಿ" ಅಂತ ಬರದ್ನಿ.

ಹದಿನಾಲ್ಕನೇದ್ದು. ಹಿಡಕಲ್ ಅಣೆಕಟ್ಟು ಯಾವ ನದಿಗೆ?
"ಮಲಪ್ರಭಾ," ಅಂದ್ಲು.

ಹಿಡಕಲ್ ಡ್ಯಾಮ್ ನಮ್ಮ ಖಾಲಾನ ಊರ ಬಾಜೂಕ.
ಆ ನೀರಾಗ ನಾ ಒಂದು ಕಾಲಿನ ಚಪ್ಪಲಿ ಕಳಕೊಂಡಾಕಿ.
ನನ್ನ ಬಾಯಿ ಮುಚ್ಚೇ ಇತ್ತು, ಅಲ್ಲಾನ ಆಣಿ.
ಪೆನ್ನು ಮಾತ್ರ "ಮ" ಬರದು ನಿಂತಿತು.
ಎಷ್ಟೊತ್ತು? ಒಂದು ಉಸರು.

ಸುಗಲಕ್ಕ ಮುಖ ಎತ್ತಿದ್ಲು.
ಎಳಿ ಹರದದ್ದು ಗೊತ್ತಾಗೂದು ಸಪ್ಪಳಕ್ಕಲ್ಲ,
ಸಪ್ಪಳ ನಿಂತದ್ದಕ್ಕ.
ತಪ್ಪೇನು ಅಂತ ಕೇಳಲಿಲ್ಲ ಆಕಿ. ಕೇಳಿದ್ರೂ ನಾ ಹೇಳೂ ಹಂಗಿರಲಿಲ್ಲ.
ಆಕಿ ಗಂಟಲದಾಗ ಇನ್ನೊಂದು ಹೆಸರು ಬಂದು ಕುಂತದ್ದು
ನನಗ ಕಣ್ಣಿಗೆ ಕಾಣಸ್ತು.
ನುಂಗಿದ್ಲು.
"ಮೊದಲ ಅಂದದ್ದ ಬರಿ.
ನಿನ್ನ ಕೈ ನಿಂತದ್ದು ನಾ ಓದಿದ್ದಲ್ಲ."

ಬರದ್ನಿ. ಲ. ಪ್ರ. ಭಾ.
ಚುಕ್ಕಿ ಇಡೂದ್ರಾಗ ಹಾಳಿ ತೂತು ಬಿತ್ತು.
ಬಿಳ್ಳೂರ ಸರ್ ಏನೂ ನೋಡಲಿಲ್ಲ, ಅವರಿಗೆ ಚಾ ಬಂದಿತ್ತು.

ತಾಸಿಗೆ ಇಪ್ಪತ್ತು ಮಿನಿಟು ಹೆಚ್ಚು ಕೊಡ್ತಾರ ಇಂಥವರಿಗೆ.
ಎಲ್ಲಾರೂ ಮನಿಗೆ ಹೋದ ಮ್ಯಾಲೂ ನಾವಿಬ್ಬರ ಕುಂತಿದ್ವಿ,
ಆಕಿ ಹೇಳಕೋತ, ನಾ ಬಟ್ಟು ಜಾಡಿಸಿ ಜಾಡಿಸಿ ಬರಕೋತ.
ಹೊರಗ ಬಂದು ನಳದ ಹತ್ರ ಕೈ ತೊಳಕೊಳ್ಳಾಗ ಅಂದ್ಲು,
"ಘಟಪ್ರಭಾ. ಹೌದಿಲ್ಲ?"
"ಹೌದಕ್ಕ."
"ಥೂ," ಅಂದು ನಕ್ಕಳು. "ಇರಲಿ. ಹೋದದ್ದೂ ನಂದ ಮಾರ್ಕು."

ಮರುವರ್ಷ ಅದ ಸಾಲಿ, ನನ್ನ ಪರೀಕ್ಷಾ.
ನಲವತ್ತು ಮಂದಿ ಇದ್ದ ಖೋಲ್ಯಾಗ
ನನ್ನ ಪೆನ್ನು ನಿಂತ್ರ ಮುಖ ಎತ್ತಾವರು ಯಾರೂ ಇರಲಿಲ್ಲ.
ಸಣ್ಣ ದನಿಲೆ ನನಗ ನಾನ ಹೇಳಿ ಬರಸಕೊಂಡ್ನಿ,
ಮಳಿ ಕಡಿಮಿ ಇರೂ ಕಡೆ...
"ಏ ಮೋಮಿನ, ಮಾತಾಡಬ್ಯಾಡ," ಅಂದ್ರು ಸರ್.
"ಮಳೆ" ಅಂತ ಬರದ್ನಿ.