ಎರಡನೇ ಕಣ್ಣು

ನಮ್ಮ ಕಾರೇಹಟ್ಟಿ ಕೆರೆಯ ತೂಬಿಗೆ ಮೂರು ಕಣ್ಣು,
ಒಂದರ ಕೆಳಗೊಂದು, ಕಲ್ಲಲ್ಲಿ ಕೊರೆದದ್ದು.
ಮೂರಕ್ಕೂ ಮೂರು ಜಾಲಿಯ ಗೂಟ.
ನೀರಿಲ್ಲದ ವರ್ಷ ಗೂಟ ಒಣಗಿ ಕುಗ್ಗಿದರೆ
ಮತ್ತೆ ಕಣ್ಣಿಗೆ ಕೂರುವುದಿಲ್ಲ. ಅದಕ್ಕೇ
ನೀರುಗಂಟಿ ಮೈಲಾರಪ್ಪ ಅವನ್ನು ಮನೆಗೆ ತಂದು
ಬಾನಿಯಲ್ಲಿ ನೆನೆಹಾಕಿದ,
ಆರು ವರ್ಷ.

ಟ್ಯಾಂಕರ್ ಬರುತ್ತಿದ್ದ ದಿನಗಳು ಅವು.
ಮನೆಗೆ ಎಂಟು ಕೊಡ. ಅದರಲ್ಲೊಂದು ಚೊಂಬು ಗೂಟಕ್ಕೆ.
"ನನ್ನ ತಲಿಗೆ ಎರಕಣಾಕೆ ನೀರಿಲ್ಲ,
ಈ ಕಟ್ಟಿಗೆಗೆ ದಿನಾ ಎಣ್ಣೆನೀರು"
ಅನ್ನುತ್ತಲೇ ಪಾರಕ್ಕ ಚೊಂಬು ಬಗ್ಗಿಸುತ್ತಿದ್ದಳು.

ಈ ವರ್ಷ ಮೃಗಶಿರ ಧೂಳೆಬ್ಬಿಸಿ ಹೋಯಿತು.
ಆರಿದ್ರೆ ಹೆಸರಿಗೆ ಬಂತು. ಮಖೆ ಬರಲಿಲ್ಲ, ಹೊಗೆ ಬಂತು.
ಯಾರೂ ಲೆಕ್ಕಕ್ಕಿಡದ ಉತ್ತರೆಯಲ್ಲಿ ಮೂರೇ ರಾತ್ರಿಗೆ
ಕೆರೆ ತುಂಬಿತು, ಕೋಡಿಗೆ ಒಂದು ಗೇಣು ಬಾಕಿ.
ಮುದುಕರು ನಕ್ಷತ್ರ ಎಣಿಸುವುದನ್ನು ಬಿಟ್ಟು
ಬರೀ ನೀರು ನೋಡುತ್ತಾ ಕೂತರು.

ಚಿತ್ತೆ ಹುಟ್ಟಿದ ದಿನ ನನ್ನ ಫೋನು
ಹಳದಿಯಿಂದ ಕಿತ್ತಳೆಗೆ ತಿರುಗಿತು.
ಜಿಲ್ಲೆಯಲ್ಲಿ ಭಾರೀ ಮಳೆ.
ಜಿಲ್ಲೆ ದೊಡ್ಡದು. ಏರಿಯ ಬಿರುಕು ಚಿಕ್ಕದು,
ನನ್ನ ಕಿರುಬೆರಳು ಹೋಗುವಷ್ಟು.
ಕೆರೆ ಸಂಘದ ಲೆಕ್ಕ ಬರೆಯುವವಳು ನಾನು; ಓದಿ ಹೇಳಿದೆ.

ಬಿಡಿ ಎಂದರು ಹಿನ್ನೀರಿನವರು, ಅವರ ಶೇಂಗಾ ಮುಳುಗಿತ್ತು.
ಬಿಡಬೇಡಿ ಎಂದರು ಕೆಳಗಿನವರು,
ಕಿತ್ತು ಹರವಿದ ಈರುಳ್ಳಿ ಹೊಲದಲ್ಲೇ ಇತ್ತು.
ದುರ್ಗದ ಎಂಜಿನಿಯರ್ರು ಫೋನಿನಲ್ಲಿ
ನೀವೇ ನೋಡಿಕೊಳ್ಳಿ ಎಂದರು.
ಜುಂಜಣ್ಣ ಮಾತ್ರ ನೆಲ ನೋಡುತ್ತಾ ಕೇಳಿದ:
"ಇದೇ ಕೊನೆ ಮಳೆ ಆದ್ರೆ?"

ಮೈಲಾರಪ್ಪ ಬೀಡಿ ಆರಿಸಿದ, ಅಂಗಿ ಕಳಚಿದ.
ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಹತ್ತಿ ಆರಿ, ಹತ್ತಿ ಆರಿ.
ತೂಬಿನ ಕಲ್ಲುಗಂಬ ಹಿಡಿದು ಇಳಿದ. ಮುಳುಗಿದ.
ನಾನು ಎಣಿಸಿದೆ. ನಲವತ್ತರ ಹತ್ತಿರ ಎಣಿಕೆ ತಪ್ಪಿತು.
ಮೇಲೆ ಬಂದಾಗ ಕಂಕುಳಲ್ಲಿ ಎರಡು ಗೂಟ,
ಮೇಲಿನದೂ ನಡುವಿನದೂ.
ಕೆಳಗಿನದನ್ನು ಮುಟ್ಟಿರಲಿಲ್ಲ. ಅದು ಬೇಸಿಗೆಯದು.

ಆ ರಾತ್ರಿ ಹನಿ ಬೀಳಲಿಲ್ಲ.
ಕುರುಡು ಚಿತ್ತೆ ಎರಚಿದ್ದು ಹಿರಿಯೂರಿನ ಕಡೆಗೆ.
ಬೆಳಗ್ಗೆ ಕೆರೆಯ ಸುತ್ತ ಹಸಿಮಣ್ಣಿನ ಪಟ್ಟಿ,
ಬಿಟ್ಟ ನೀರಿನ ಗುರುತು.
ಜುಂಜಣ್ಣ ಅದರ ಅಗಲವನ್ನು ಚಪ್ಪಲಿಯಲ್ಲಿ ಅಳೆದ:
ಒಂಬತ್ತು. ಮತ್ತೆ ಅಳೆದ. ಒಂಬತ್ತೇ.

ರಿಜಿಸ್ಟರಿನಲ್ಲಿ ಬರೆದೆ: ತಾರೀಖು, ಮಟ್ಟ, ತೆರೆದ ಕಣ್ಣು ಎರಡು.
'ಕಾರಣ' ಎಂಬ ಕಲಮಿನ ಮುಂದೆ ಪೆನ್ನು ನಿಂತಿತು.
ಮೈಲಾರಪ್ಪ ತಲೆ ವಾಲಿಸಿ ಕಿವಿಯ ನೀರು ಕುಲುಕಿದ.
"ಗೊತ್ತಿರ್ಲಿಲ್ಲ ಅಂತ ಬರಿಯವ್ವ."
ಬರೆದೆ. ಹೆಬ್ಬೆಟ್ಟು ಒತ್ತಿದ.

ಏರಿಗೆ ಜೇಡಿ ಮೆತ್ತುವವರೆಗೆ ಕಣ್ಣು ತೆರೆದೇ ಇರಲಿ ಎಂದಾಯಿತು.
ಸ್ವಾತಿಗೆ ಇನ್ನು ಹನ್ನೆರಡು ದಿನ.
ಬಾನಿಯಲ್ಲಿ ಎರಡು ಗೂಟ ತೇಲುತ್ತಿವೆ.
ಮೇಲ್ಮೈ ಒಣಗದ ಹಾಗೆ ಪಾರಕ್ಕ
ಹೋಗುತ್ತಾ ಬರುತ್ತಾ, ಬೈಯುತ್ತಾ,
ರೊಟ್ಟಿ ಮಗುಚುವ ಹಾಗೆ
ಮಗುಚಿ ಹಾಕುತ್ತಾಳೆ.