ಎರಡು ಗೇಣಿನ ದೂರ

ವಾಸ್ಕೋ ಬಂದರಿನ ತಗಡು ಮಾಡಿನ ಆಫೀಸು.
ಮೇಜಿನ ಮೇಲೆ ಎರಡು ಯಂತ್ರ, ಮುಖಾಮುಖಿ.
ಒಂದು ಕಾಯ್ತಾನನ ಅಂಗೈಯಷ್ಟು,
ದಿನವಿಡೀ ಅದಿರಿನ ಬಾರ್ಜುಗಳ ಲೆಕ್ಕ ಹೊತ್ತು ಬಂದದ್ದು;
ಇನ್ನೊಂದು ಹಳದಿಗಟ್ಟಿದ ಕಂಪ್ಯೂಟರು,
ಅದರ ಹಣೆಗೆ ನಾನೇ ಅಂಟಿಸಿದ
ಹುಣಸೆಬೀಜದಂಥ ಕಪ್ಪು ಕಣ್ಣು.

ನಡುವೆ ತಂತಿಯಿಲ್ಲ.
ಬೆಳಕಿದೆ, ಎನ್ನುತ್ತದೆ ಪುಸ್ತಕ:
ಅವಕೆಂಪು, ಕೆಂಪಿಗಿಂತ ಒಂದು ಮೆಟ್ಟಿಲು ಕೆಳಗೆ,
ನಮ್ಮ ಕಣ್ಣಿಗೆ ಅಗುಳಿ ಹಾಕಿಕೊಂಡದ್ದು.
ಕಾಣದ್ದನ್ನು ನಂಬೋದು ಹೇಗೆ ಅಂದರೆ
ಕಾಯ್ತಾನ್ ಬೀಡಿ ಕಿವಿಗೆ ಸಿಕ್ಕಿಸಿ ಅಂದ:
'ಬರೋ ತಿಂಗಳ ಸಂಬಳ ನಂಬ್ತೀಯಲ್ಲ ಬಾಯ್, ಹಾಗೆ.'

ಕಾಣುವ ಕೆಂಪಿಗೇನು ಬರ ಇಲ್ಲಿ?
ಚಹಾದ ಕೆನೆಯಲ್ಲಿ, ರಸೀದಿ ಪುಸ್ತಕದ ಹೊಲಿಗೆಯಲ್ಲಿ,
ತಿಂಗಳಿಗೊಮ್ಮೆ ಬರುವ ಸಾಹೇಬನ ಬಿಳಿ ಶರ್ಟಿನಲ್ಲಿ
ಅದಿರಿನ ಧೂಳು.

ಮೊದಲು ಮೆಲ್ಲಗೆ ಕೂಗಬೇಕು: ಯಾರಾದರೂ ಇದ್ದೀರಾ?
ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್,
ಆ ಲೋಕದಲ್ಲಿ ಅದೇ ಪಿಸುಮಾತು.
ಓಗೊಟ್ಟರೆ ಕೇಳಬೇಕು
ಹೆಸರೇನು, ಎಷ್ಟು ಬೇಗ ಮಾತಾಡಬಲ್ಲೆ,
ಒಂದು ಸಲಕ್ಕೆ ಎಷ್ಟು ದೊಡ್ಡ ತುತ್ತು,
ಮಾತು ಮುಗಿಸಿದ ಮೇಲೆ
ಕಣ್ಣು ತಿಳಿಯಾಗಲು ಎಷ್ಟು ಹೊತ್ತು.

ಈ ಕೊನೆಯದರಲ್ಲೇ ನಾನು ಮೂರು ವಾರ ಎಡವಿದ್ದು.
ಮಾತಾಡುವವನ ಬೆಳಕು
ಮೊದಲು ಕುರುಡಾಗಿಸುವುದು ಅವನದೇ ಕಣ್ಣನ್ನು.
ಹೇಳಿದವನು ಕೇಳುವವನಾಗಲು
ಹತ್ತು ಮಿಲಿಸೆಕೆಂಡು ಬೇಕು.
ನನ್ನ ಪ್ರೋಗ್ರಾಮು ಆ ಹತ್ತನ್ನು ಕೊಡುತ್ತಿರಲಿಲ್ಲ,
ಪ್ರಶ್ನೆಯ ಬಾಲಕ್ಕೇ ಉತ್ತರ ಎರಚುತ್ತಿತ್ತು,
ಅರ್ಧ ಉತ್ತರ ಕತ್ತಲೆಗೆ.
'ನೀನೂ ಹಾಗೇ' ಅಂದ ಕಾಯ್ತಾನ್,
'ನನ್ನ ಕೊಂಕಣಿ ಮುಗಿಯೋ ಮೊದಲೇ
ನಿನ್ನ ಕನ್ನಡದ ಹೂಂ ಬಂದಿರತ್ತೆ. ರಾವ್.
ರಾವ್ ಅಂದರೆ ತಡಿ.'
ಕನ್ವೇಯರಿನ ಸದ್ದಿಗೆ ಎಡಗಿವಿ ಕೊಟ್ಟ ಮನುಷ್ಯ,
ಮಾತಾಡುವಾಗೆಲ್ಲ ಕುರ್ಚಿ ತಿರುಗಿಸಿ
ಬಲಗಿವಿಯನ್ನು ನನ್ನ ನೇರಕ್ಕೆ ತರುತ್ತಿದ್ದ.

ಹತ್ತನ್ನು ಕೊಟ್ಟೆ. ಸಾಲುಗಳು ಬಂದವು,
ಬಾರ್ಜಿನ ಹೆಸರು, ಟನ್ನು, ತೇವಾಂಶ, ಗಂಟೆ.
ಆದರೆ ಸಂಜೆ ಐದರ ಸುಮಾರಿಗೆ
ಪಡುವಣ ಕಿಟಕಿಯಿಂದ ಸೂರ್ಯ ಬಾಯಿ ಹಾಕುತ್ತಿದ್ದ.
ಅವನದೂ ಅದೇ ಬೆಳಕು,
ಸರದಿ ಗೊತ್ತಿಲ್ಲದ್ದು.
ಲೆಕ್ಕ ತಾಳೆಯಾಗದೆ ಯಂತ್ರ ಕೇಳುತ್ತಿತ್ತು
ಮತ್ತೆ ಹೇಳು, ಮತ್ತೆ ಹೇಳು, ಮತ್ತೆ

ನಾನು ಫಿಲ್ಟರು, ಮರುಯತ್ನದ ಮಿತಿ, ಮ್ಯಾನುವಲ್ಲಿನ ಅನುಬಂಧ
ಕೆದಕುತ್ತಿರುವಾಗ
ಕಾಯ್ತಾನ್ ತಲೆಯ ಹಳದಿ ಹೆಲ್ಮೆಟ್ಟು ತೆಗೆದು
ಕೋಳಿಮರಿಗಳಿಗೆ ಬುಟ್ಟಿ ಕವುಚಿದ ಹಾಗೆ
ಎರಡು ಕಣ್ಣುಗಳ ಮೇಲೆ ಹಿಡಿದ.
ಉಳಿದ ನಲವತ್ತು ಸಾಲು ಒಂದೇ ಉಸಿರಿಗೆ ಬಂದವು.

ಬಳಸುವ ಕ್ರಮ, ಹಂತ ನಾಲ್ಕು: ಹೆಲ್ಮೆಟ್ ಹಿಡಿಯಿರಿ.
ಪಣಜಿಯ ಹೆಡ್ಡಾಫೀಸು ಆ ಸಾಲು ಹೊಡೆದುಹಾಕಿತು.

ಸ್ಟುಡಿಯೊ ಇಟ್ಟಿದ್ದ ಭಿಕಾಜಿ ಒಮ್ಮೆ
ಹೊಸ ಡಿಜಿಟಲ್ ಕ್ಯಾಮರಾ ತೋರಿಸಲು ಬಂದ.
ಅದರ ಪುಟ್ಟ ಪರದೆಯಲ್ಲಿ, ಹೆಲ್ಮೆಟ್ಟಿನ ಅಂಚಿನಡಿ,
ನೇರಳೆಹಣ್ಣಿನ ರಸದ ಬಣ್ಣದಲ್ಲಿ
ಏನೋ ಮಿಣುಕಿತು. ತಡೆಯಿತು. ಮಿಣುಕಿತು.
ಕಾಯ್ತಾನ್ ಏನೂ ಅನ್ನಲಿಲ್ಲ.
ಅಂಗಿಯ ಚುಂಗಿನಿಂದ ತನ್ನ ಯಂತ್ರದ ಕಣ್ಣೊರೆಸಿದ,
ಬಟ್ಟೆ ಕೆಂಪಾಯಿತು.

ಈಗ ಆ ಯಂತ್ರ ಕಪಾಟಿನಲ್ಲಿದೆ, ಬ್ಯಾಟರಿ ಉಬ್ಬಿ.
ಲೆಕ್ಕ ಬೇರೆ ದಾರಿಯಿಂದ ಬರುತ್ತದೆ.
ಮೊದಲ ದಿನ ಪರೀಕ್ಷೆಗೆಂದು ನಾನು ಹೊಡೆದ
ಇಲ್ಲದ ಬಾರ್ಜೊಂದು
ಖಾತೆಯಲ್ಲಿ ಇನ್ನೂ ಲಂಗರು ಹಾಕಿದೆ, ಸೊನ್ನೆ ಟನ್ನು.
ಅಳಿಸಿದರೆ ಕ್ರಮಸಂಖ್ಯೆ ಕೆಡುತ್ತದೆ.

ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಕಾಯ್ತಾನ್ ಕೇಳುತ್ತಾನೆ,
'ನಿನ್ನ ಬಾರ್ಜು ಬಂತಾ?'
ಬಲಗಿವಿಯ ಕಡೆಗೆ ಸರಿದು ನಿಲ್ಲುತ್ತೇನೆ.
ಸ್ವಲ್ಪ ತಡೆದು, ಇನ್ನೂ ಇಲ್ಲ ಅನ್ನುತ್ತೇನೆ.
ಬಂಗಡೆಯ ರೇಟು ಕೇಳಲು ಅವನು ತಿರುಗುತ್ತಾನೆ.